ಪಾರ್ಕಿನ್ಸನ್ ಇರುವವರ ಹೊಟ್ಟೆಯ ಲೆಕ್ಕ ಇಡುವುದು ಹೇಗೆ?

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ಅಪ್ಪನ ಬಲಗೈ ನಡುಗಲು ಶುರುವಾಗುವ ಎಷ್ಟೋ ವರ್ಷ ಮೊದಲೇ ಅವರನ್ನು ಮಲಬದ್ಧತೆ ಕಾಡುತ್ತಿತ್ತು. ಬೆಳಗಿನ ಲೋಕಲ್ ಹಿಡಿಯುವ ಧಾವಂತವೇ ಅದಕ್ಕೆ ಕಾರಣವೆಂದು ನಾವೆಲ್ಲ ನಂಬಿದ್ದೆವು. ಕೈಕಾಲು ನಡುಗಿಸಿ ಚಲನೆಯನ್ನು ಕುಂದಿಸುವ ಪಾರ್ಕಿನ್ಸನ್ ಕಾಯಿಲೆ ಕೆಲವರಲ್ಲಿ ಕರುಳಿನ ನರಗಳಲ್ಲೇ ಆರಂಭವಾಗಿ, ಕರುಳನ್ನೂ ಮಿದುಳನ್ನೂ ಜೋಡಿಸುವ ವೇಗಸ್ ನರದ ಮೂಲಕ ಮಿದುಳಿಗೆ ಏರುತ್ತಿರಬಹುದೆಂದು ಜರ್ಮನಿಯ ವಿಜ್ಞಾನಿ ಹೈಕೊ ಬ್ರಾಕ್ 2003ರಲ್ಲಿ ಸೂಚಿಸಿದ್ದರು. 2016ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿ ಸರ್ಕಿಸ್ ಮಜ್ಮಾನಿಯನ್ ಅವರ ತಂಡ, ಈ ಕಾಯಿಲೆಯ ಲಕ್ಷಣಗಳು ಬರುವಂತೆ ಬೆಳೆಸಿದ ಇಲಿಗಳಿಗೆ ರೋಗಿಗಳ ಕರುಳಿನ ಬ್ಯಾಕ್ಟೀರಿಯಾ ಸೇರಿಸಿದಾಗ, ಆರೋಗ್ಯವಂತರ ಬ್ಯಾಕ್ಟೀರಿಯಾ ಪಡೆದ ಇಲಿಗಳಿಗಿಂತ ಅವುಗಳ ಚಲನೆ ಹೆಚ್ಚು ಕುಂದಿದ್ದನ್ನು ತೋರಿಸಿತು. ಇಲಿಯಲ್ಲಿ ಕಂಡದ್ದು ಮನುಷ್ಯನಲ್ಲಿ ಸಾಬೀತಾದಂತಲ್ಲ. ಮಲಬದ್ಧತೆ ಇರುವ ಬಹುಪಾಲು ಜನರಿಗೆ ಈ ಕಾಯಿಲೆ ಬರುವುದೂ ಇಲ್ಲ.

ಮನೆಯವರಿಗೆ ಇದಕ್ಕಿಂತ ಹತ್ತಿರದ ವಿಷಯ ಮಾತ್ರೆಯದು. ಈ ಕಾಯಿಲೆಗೆ ಕೊಡುವ ಮುಖ್ಯ ಔಷಧವಾದ ಲೆವೊಡೋಪಾ ಸಣ್ಣ ಕರುಳಿನಲ್ಲಿ ರಕ್ತಕ್ಕೆ ಸೇರಿ, ಮಿದುಳನ್ನು ತಲುಪಿದ ಮೇಲೆ ಡೋಪಮೈನ್ ಆಗಬೇಕು; ಚಲನೆಗೆ ಬೇಕಾದ, ಈ ಕಾಯಿಲೆಯಲ್ಲಿ ಕಡಿಮೆಯಾಗುವ ಮಿದುಳಿನ ರಾಸಾಯನಿಕ ಅದು. ಎಂಟೆರೊಕಾಕಸ್ ಫೀಕ್ಯಾಲಿಸ್ ಎಂಬ ಬ್ಯಾಕ್ಟೀರಿಯಾ ಅದನ್ನು ಕರುಳಿನಲ್ಲೇ ಡೋಪಮೈನ್ ಆಗಿ ಮಾರ್ಪಡಿಸಬಲ್ಲದೆಂದು 2019ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು. ಹಾಗೆ ಮಾರ್ಪಟ್ಟ ಡೋಪಮೈನ್ ಮಿದುಳನ್ನು ಪ್ರವೇಶಿಸಲಾರದು. ಮಾತ್ರೆಯಲ್ಲಿ ಜೊತೆಗಿರುವ ಕಾರ್ಬಿಡೋಪಾ ಲೆವೊಡೋಪಾವನ್ನು ಹೀಗೆ ಮಾರ್ಪಡಿಸುವ ನಮ್ಮ ದೇಹದ ಕಿಣ್ವವನ್ನು ತಡೆಯುತ್ತದೆಯೇ ಹೊರತು ಈ ಬ್ಯಾಕ್ಟೀರಿಯಾದ ಕಿಣ್ವವನ್ನು ಅಷ್ಟಾಗಿ ತಡೆಯದು. ಹಾಗೆಂದು ತಾವಾಗಿಯೇ ಆ್ಯಂಟಿಬಯಾಟಿಕ್ ನುಂಗಬಾರದು.

ಮೊದಲು ಒಂದು ನೋಟ್‌ಬುಕ್ಕಿನಲ್ಲಿ ಎರಡು ವಾರ ಲೆಕ್ಕ ಬರೆಯಿರಿ: ಮಾತ್ರೆ ನುಂಗಿದ ಹೊತ್ತು, ಊಟದ ಹೊತ್ತು ಮತ್ತು ಉಂಡದ್ದು, ಮಲ ವಿಸರ್ಜನೆ ಆಯಿತೇ, ಮಾತ್ರೆಯ ನಂತರ ಕೈಕಾಲು ಸಡಿಲವಾಗಲು ಎಷ್ಟು ನಿಮಿಷ ಹಿಡಿಯಿತು. ಅಮ್ಮ ಹಾಲಿನ ಲೆಕ್ಕದ ಹಳೆಯ ಪುಸ್ತಕದಲ್ಲೇ ಗೆರೆ ಎಳೆದು ಬರೆದಿಟ್ಟರು. ಅಪ್ಪ ಹಾಲಿನೊಂದಿಗೆ ಮಾತ್ರೆ ನುಂಗಿದ ದಿನಗಳಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳಲು ಅಮ್ಮನನ್ನೇ ಕರೆಯುತ್ತಿದ್ದರೆಂಬುದು ಆ ಪುಟಗಳಿಂದಲೇ ನಮಗೆ ಗೊತ್ತಾಯಿತು. ಹಾಲು, ಬೇಳೆ, ಮೀನಿನ ಪ್ರೋಟೀನು ಕರಗಿ ಬರುವ ಅಮೈನೋ ಆಮ್ಲಗಳು ಲೆವೊಡೋಪಾ ಹೋಗುವ ದಾರಿಯಲ್ಲೇ ಪೈಪೋಟಿಗೆ ನಿಲ್ಲುತ್ತವೆ. ಆದ್ದರಿಂದ, ವೈದ್ಯರು ಬೇರೆ ಹೇಳದಿದ್ದರೆ, ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ನೀರಿನೊಂದಿಗೆ ಮಾತ್ರೆ ಕೊಡಿ. ಕಬ್ಬಿಣಾಂಶದ ಗುಳಿಗೆಯನ್ನು ಬೇರೆ ಹೊತ್ತಿಗೆ ಇಡಿ. ಪ್ರೋಟೀನನ್ನೇ ಬಿಡಿಸಬೇಡಿ, ಮೈ ಸೊರಗುತ್ತದೆ.

ನಾರಿಗೆ ಬಸಳೆ, ಹೆಸರುಕಾಳು, ಪಪ್ಪಾಯಿ ಸಾಕು, ನೀರು ಧಾರಾಳವಾಗಿರಲಿ. ನುಂಗಲು ಕಷ್ಟವಿರುವವರಿಗೆ ಇಸಬಗೋಲ್ ಕೊಡುವ ಮೊದಲು ವೈದ್ಯರನ್ನು ಕೇಳಿ. ಮೊಸರು ಒಳ್ಳೆಯದೇ, ಆದರೆ ಅದಾಗಲಿ ದುಬಾರಿ ಪ್ರೋಬಯಾಟಿಕ್ ಆಗಲಿ ಈ ಕಾಯಿಲೆಯನ್ನು ಗುಣಪಡಿಸುವುದಿಲ್ಲ. ನಸುಗುನ್ನಿ ಬೀಜದ ಪುಡಿಯಲ್ಲಿ ಲೆವೊಡೋಪಾವೇ ಇರುವುದರಿಂದ ಅದನ್ನು ವೈದ್ಯರಿಗೆ ಹೇಳದೆ ಸೇರಿಸಿಕೊಂಡರೆ ಔಷಧದ ಪ್ರಮಾಣ ಮೀರಬಹುದು. ವಾಂತಿಗೆಂದು ಅಂಗಡಿಯಿಂದ ಮೆಟೊಕ್ಲೋಪ್ರಮೈಡ್ ತರಬೇಡಿ. ಅದರಿಂದ ಪಾರ್ಕಿನ್ಸನ್ ಲಕ್ಷಣಗಳು ಹೆಚ್ಚುತ್ತವೆ.

ಹೊಟ್ಟೆ ಉಬ್ಬರಿಸಿ, ವಾಂತಿಯಾಗಿ, ಮಲವೂ ಗಾಳಿಯೂ ಹೋಗದೆ ನಿಂತರೆ, ನೋಟ್‌ಬುಕ್ಕನ್ನೂ ಹಿಡಿದುಕೊಂಡು ತಡಮಾಡದೆ ಆಸ್ಪತ್ರೆಗೆ ಹೊರಡಿ.