ತೋಡಿಗೆ ಎರಡು ಸಾಲು ಅಡಿಕೆ ಬಿಟ್ಟುಕೊಟ್ಟೆ: ನನ್ನ ಅನುಭವ

ಅಡಿಕೆ ಮರ ಕಡಿದು ಆ ಜಾಗದಲ್ಲಿ ಮುಂಡೇವು, ಅಂದರೆ ಕೇದಗೆ ಜಾತಿಯ ಮುಳ್ಳು ಪೊದೆ, ನೆಡುವವನನ್ನು ನಮ್ಮ ಊರಲ್ಲಿ ಯಾರೂ ನೋಡಿರಲಿಲ್ಲ. "ಭಾವ, ತಲೆ ಸರಿ ಉಂಟಾ?" ಎಂದು ಮದುವೆ ಊಟದ ಪಂಕ್ತಿಯಲ್ಲೇ ಕೇಳಿದವರಿದ್ದಾರೆ. ಈ ವರ್ಷ ಮಾರ್ಚ್ ಕೊನೆಗೂ ನನ್ನ ತೋಟದ ತೋಡಿನಲ್ಲಿ, ಅಂದರೆ ಸಣ್ಣ ಹಳ್ಳದಲ್ಲಿ, ಪಾದ ಮುಳುಗುವಷ್ಟು ನೀರು ಹರಿಯುತ್ತಿತ್ತು. ಹಾಗೆ ಕೇಳಿದ ಭಾವನೇ ಬಂದು ನೋಡಿ, ಮಾತಾಡದೆ ಕೈಕಾಲು ತೊಳೆದುಕೊಂಡು ಹೋದರು. ಹಾಗಾಗಿ ಬರೆಯುತ್ತಿದ್ದೇನೆ.

ತೋಟ ಕಾಸರಗೋಡಿನ ಪೆರ್ಲದ ಹತ್ತಿರ, ಎರಡು ಗುಡ್ಡೆಗಳ ನಡುವೆ. ತೋಡು ಕೊನೆಗೆ ಶಿರಿಯ ಹೊಳೆಗೆ ಸೇರುತ್ತದೆ. ನೀರು ಬೇಗ ಇಳಿದು ಹೋಗಲಿ ಎಂದು ಹಿಂದೆ ನಾನೇ ಜೆಸಿಬಿ ತರಿಸಿ ತೋಡನ್ನು ನೆಟ್ಟಗೆ ಮಾಡಿಸಿದ್ದೆ. ಬೇಗವೇ ಹೋಯಿತು, ಜೊತೆಗೆ ಮಣ್ಣನ್ನೂ ಕರೆದುಕೊಂಡು ಹೋಯಿತು. ಜನವರಿಗೆ ತೋಡು ಒಣ. 2018ರ ಮಳೆಗೆ ದರೆ (ತೋಡಿನ ದಂಡೆ) ಕುಸಿದು ಏಳೆಂಟು ಮರ ಬಿತ್ತು. ಆಗ ಎಲ್ಲರಂತೆ ನಾನೂ ಕಗ್ಗಲ್ಲಿನ ಗೋಡೆ ಕಟ್ಟಿಸಿದೆ. ನೂರು ಅಡಿ ಉದ್ದಕ್ಕೆ ಒಂದು ಲಕ್ಷದ ಎಪ್ಪತ್ತು ಸಾವಿರದ ಹತ್ತಿರ, ಚೀಟಿ ಹುಡುಕಿದರೆ ಇನ್ನೂ ಜಾಸ್ತಿ ಇದ್ದೀತು. 2019ರ ಆಗಸ್ಟಿನಲ್ಲಿ ನೀರು ಬುಡ ಕೊರೆದು ನಲವತ್ತು ಅಡಿ ಗೋಡೆ ತೋಡಿಗೇ ಮಲಗಿತು. ಪಂಚಾಂಗ (ಅಡಿಪಾಯ) ಇನ್ನೂ ಆಳ ಹಾಕಬೇಕಿತ್ತಂತೆ, ಮೇಸ್ತ್ರಿ ಹೇಳಿದ್ದು. ಮತ್ತೆ ಕಟ್ಟಲು ಎರಡು ಲಕ್ಷ ಕೇಳಿದರು.

ಬಿದ್ದ ಗೋಡೆಯಿಂದ ಇಪ್ಪತ್ತು ಹೆಜ್ಜೆ ಕೆಳಗೆ ಯಾರೂ ಮುಟ್ಟದ ಒಂದು ಮುಂಡೇವು ಪೊದೆ ಇತ್ತು. ನೀರು ಇಳಿದ ಮೇಲೆ ಹೋಗಿ ನೋಡಿದರೆ ಅದರ ಕಾಲುಗಳಂಥ ಬೇರಿನ ಸಂದಿಯಲ್ಲಿ ನಮ್ಮದೇ ತೋಟದ ಸೋಗೆ, ಒಂದು ಹವಾಯಿ ಚಪ್ಪಲಿ, ಅದರ ಹಿಂದೆ ಅರ್ಧ ಅಡಿ ಹೂಳು. ಉಳಿದ ಕಡೆ ಕೊಚ್ಚಿಕೊಂಡು ಹೋದ ಮಣ್ಣು ಇಲ್ಲಿ ಬಂದು ಕೂತಿದೆ. ಆ ದಿನವೇ ಗೋಡೆಯ ಆಸೆ ಬಿಟ್ಟೆ.

ತೋಡಿನ ಬದಿಯ ಎರಡು ಸಾಲು ತೆಗೆದೆ, ಅರುವತ್ತು ಚಿಲ್ಲರೆ ಮರ. ಹಳೆಯವೇ, ಆದರೂ ವರ್ಷಕ್ಕೆ ಒಂದು ಕ್ವಿಂಟಲಿನ ಮೇಲೆ ಚಾಲಿ (ಒಣಗಿಸಿ ಸುಲಿದ ಅಡಿಕೆ) ಕೊಡುತ್ತಿದ್ದವು. ನಲವತ್ತು ಸಾವಿರದ ಹತ್ತಿರದ ಬಾಬತ್ತು. ಮನೆಯವಳು ಒಂದು ವಾರ ಬೇಕಾದಷ್ಟೇ ಮಾತಾಡಿದಳು.

ಮೊದಲ ವರ್ಷ ಜೂನಿನಲ್ಲಿ ಇನ್ನೂರು ಮುಂಡೇವು ಕಂದು (ಮರಿಗಿಡ) ನೆಟ್ಟೆ. ಬೇರು ಹಿಡಿಯುವ ಮೊದಲೇ ನೀರು ಏರಿತು. ಆಟಿ ತಿಂಗಳು ಮುಗಿಯುವಾಗ ಉಳಿದದ್ದು ಹತ್ತೋ ಹನ್ನೆರಡೋ. ಕೊಚ್ಚಿಹೋದದ್ದೆಲ್ಲ ಶಿರಿಯ ಹೊಳೆಯ ಬದಿಯಲ್ಲಿ ಎಲ್ಲಾದರೂ ಚಿಗುರಿದ್ದರೆ ಪುಣ್ಯ ನನಗೇ. ಮರು ವರ್ಷ ದೊಡ್ಡ ಮಳೆ ಇಳಿದ ಮೇಲೆ, ಸೆಪ್ಟೆಂಬರ್ ಕೊನೆಗೆ ನೆಟ್ಟೆ. ಮಣ್ಣು ಹಸಿ ಇರುತ್ತದೆ, ನೆರೆ ಇರುವುದಿಲ್ಲ, ಮುಂದಿನ ಜೂನಿನೊಳಗೆ ಬೇರು ಇಳಿದಿರುತ್ತದೆ. ಹತ್ತರಲ್ಲಿ ಎಂಟು ಬದುಕಿತು. ಅದರ ಹಿಂದೆ ನೆಕ್ಕಿ (ಲಕ್ಕಿ) ಗೂಟ, ಮೇಲಿನ ಸಾಲಿಗೆ ಹೊಂಗೆ, ಹೊಳೆದಾಸವಾಳ, ನಡುವೆ ಬೆತ್ತ.

ಲಾವಂಚವನ್ನೂ ನೋಡಿದೆ. ಬಿಸಿಲಲ್ಲಿ ರಾಜ, ಅಡಿಕೆಯ ನೆರಳಲ್ಲಿ ಸೊರಗಿ ಹೋಯಿತು. ಬಿದಿರಿನ ಕಳಲೆಯನ್ನು ಮುಳ್ಳುಹಂದಿ ಮುಗಿಸಿತು. ತೊಳಿಲುರಪ್ಪಿನವರು (ಉದ್ಯೋಗ ಖಾತ್ರಿಯ ಕೆಲಸದವರು) ತೋಡಿನ ಬದಿಗೆ ಹಾಸುತ್ತಾರಲ್ಲ ತೆಂಗಿನ ನಾರಿನ ಚಾಪೆ, ಅದನ್ನು ದುಡ್ಡು ಕೊಟ್ಟು ತಂದು ಹಾಸಿದರೆ ಕಾಡುಹಂದಿ ಎರೆಹುಳಕ್ಕಾಗಿ ಒಂದೇ ರಾತ್ರಿಯಲ್ಲಿ ಮಗುಚಿ ಹಾಕಿತು.

ಬಿದ್ದ ಗೋಡೆಯ ಕಲ್ಲು ಮಾತ್ರ ಕೆಲಸಕ್ಕೆ ಬಂತು. ಅದನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಗುಪ್ಪೆ ಹಾಕಿ ತೋಡಿಗೆ ಮತ್ತೆ ಸೊಟ್ಟ ನಡಿಗೆ ಕಲಿಸಿದೆ. ಈಗ ಮೂರು ಕಡೆ ಸೊಂಟದಷ್ಟು ಆಳದ ಕಯ (ನೀರು ನಿಲ್ಲುವ ಗುಂಡಿ) ಆಗಿದೆ. ಗುಪ್ಪೆಯನ್ನು ಎಷ್ಟು ಓರೆ ಇಡಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಮೂರು ಮಳೆಗಾಲ ಕೊಡೆ ಹಿಡಿದು ನಿಂತು ಕಲಿತದ್ದು. ಬಂದರೆ ತೋರಿಸುತ್ತೇನೆ.

ಆಮೇಲೆ ಕಟ್ಟ, ಅಂದರೆ ಬೇಸಗೆಗೆ ನೀರು ನಿಲ್ಲಿಸಲು ತೋಡಿಗೆ ಅಡ್ಡ ಹಾಕುವ ತಾತ್ಕಾಲಿಕ ಒಡ್ಡು. ಕಟ್ಟಕ್ಕೆ ಹೆಸರಾದ ಏತಡ್ಕದ ಕಡೆಯವರಿಗೆ ಇದರಲ್ಲಿ ನಾನು ಹೇಳಿಕೊಡುವಂಥದ್ದೇನೂ ಇಲ್ಲ. ನನ್ನ ಕಟ್ಟ ಮೊದಲೆಲ್ಲ ನಡುವೆ ಒಡೆಯುತ್ತಿರಲಿಲ್ಲ, ಬದಿ ಕಡಿದುಕೊಂಡೇ ಹೋಗುತ್ತಿತ್ತು. ಬೋಳು ದರೆಗೆ ಕಟ್ಟ ತಾಗಿಸಿದರೆ ಇನ್ನೇನಾಗುತ್ತದೆ? ಈಗ ಎರಡು ತುದಿಯೂ ಬೇರಿನ ಗೋಡೆಗೆ ಕೂತಿದೆ. ಡಿಸೆಂಬರ್ ಮೊದಲ ವಾರ ಹಾಕುತ್ತೇನೆ, ನಾಲ್ಕು ಅಡಿ ಎತ್ತರ. ಒಮ್ಮೆ ಆತುರಪಟ್ಟು ನವೆಂಬರಿನಲ್ಲೇ ಹಾಕಿದೆ, ಒಂದು ಅಕಾಲ ಮಳೆಗೆ ಎಂಟು ಆಳಿನ ಸಂಬಳ ನೀರುಪಾಲಾಯಿತು. ಹಳೆ ಶೀಟನ್ನು ನೀರಿನ ಕಡೆಗೆ ಹಾಕುತ್ತೇನೆ, ನಡುವೆ ಮಣ್ಣು. ಆ ಮಣ್ಣಿಗೆ ಸೇರಿಸುವ ಒಂದು ವಸ್ತು ಅಜ್ಜನದ್ದು, ಅದೂ ಮನೆಯಲ್ಲೇ ಇರಲಿ.

ಬಾವಿ ಮೊದಲು ಫೆಬ್ರವರಿಗೆ ತಳ ಕಾಣುತ್ತಿತ್ತು, ಈಗ ಏಪ್ರಿಲ್ ನಡುವಿನವರೆಗೂ ಪಂಪು ಎಳೆಯುತ್ತದೆ. ಬೋರ್ ತೋಡಿಸುವ ಯೋಚನೆ ಬಿಟ್ಟೆ. ಗಿಡ, ಕೂಲಿ, ದಂಡವಾದ ಚಾಪೆ ಎಲ್ಲ ಸೇರಿ ನಾಲ್ಕು ವರ್ಷಕ್ಕೆ ಅರುವತ್ತೈದು ಸಾವಿರ ಆಗಿರಬಹುದು. ಕಡಿದ ಮರದ ಆದಾಯ ಇದರಲ್ಲಿ ಸೇರಿಲ್ಲ. ಅದನ್ನೂ ಸೇರಿಸಿ ಲೆಕ್ಕ ಹಾಕು ಎಂದು ಮನೆಯವಳು ಈಗಲೂ ಹೇಳುತ್ತಾಳೆ. ಆದರೆ ಅಷ್ಟಮಿಗೆ ಇಡ್ಲಿ ಬೇಯಿಸುವ ಮೂಡೆ ಕಟ್ಟಲು ಮುಂಡೇವು ಓಲಿ (ಎಲೆ) ಕೇಳಿಕೊಂಡು ಬರುವವರಿಂದ ದುಡ್ಡು ಎಣಿಸಿಕೊಳ್ಳುವವಳೂ ಅವಳೇ.

ಅಡಿಕೆಗೆ ಸಿಂಪಡಿಸುವ ಮೈಲುತುತ್ತಿನ ಡ್ರಮ್ ತೋಡಲ್ಲಿ ತೊಳೆಯುವುದನ್ನೂ ನಿಲ್ಲಿಸಿದೆ. ಎರಡನೇ ವರ್ಷ ಕಯದಲ್ಲಿ ಮುಗುಡು ಮೀನು ಕಾಣಿಸಿತು. ಹಾವೂ ಬಂದಿದೆ, ಸುಳ್ಳು ಹೇಳುವುದಿಲ್ಲ. ಕೆಲಸದವರು ಈಗ ಆ ಕಡೆ ಹೋಗುವಾಗ ಕೋಲು ಬಡಿದುಕೊಂಡೇ ಹೋಗುತ್ತಾರೆ.

ಇನ್ನೂ ಗೆಲ್ಲಲಾಗದ್ದು ಏಡಿ. ಕಟ್ಟದ ಎಡ ಮೂಲೆಯಲ್ಲಿ ತೂತು ಕೊರೆಯುತ್ತದೆ, ರಾತ್ರಿ ಮುಚ್ಚಿದರೆ ಬೆಳಿಗ್ಗೆ ಮತ್ತೆ ಸೋರಿಕೆ. ಶೀಟು ಮಡಚಿ ಆಳಕ್ಕೆ ಇಳಿಸಿ ನೋಡಿದೆ, ಪಕ್ಕದಲ್ಲೇ ಕೊರೆಯಿತು. ಉಪಾಯ ಗೊತ್ತಿದ್ದವರು ಡಿಸೆಂಬರಿನ ಮೊದಲು ಹೇಳಿ, ಬದಲಿಗೆ ಮುಂಡೇವು ಕಂದು ಎಷ್ಟು ಬೇಕಾದರೂ ಕೊಡುತ್ತೇನೆ.