ಜಂತುಹುಳದ ಮಾತ್ರೆ: ನುಂಗಿಸಬೇಡಿ, ಅಗಿಸಿ

ಫೆಬ್ರುವರಿ 10 ಮತ್ತು ಆಗಸ್ಟ್ 10 ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ. 2015ರಲ್ಲಿ ಶುರುವಾದ ಈ ಕಾರ್ಯಕ್ರಮದಲ್ಲಿ 1ರಿಂದ 19 ವರ್ಷದವರಿಗೆ ಶಾಲೆ, ಅಂಗನವಾಡಿಗಳಲ್ಲಿ ಉಚಿತವಾಗಿ ಅಲ್ಬೆಂಡಜೋಲ್ ಮಾತ್ರೆ ಕೊಡುತ್ತಾರೆ.

“ನಮ್ಮ ಮಗೂಗೆ ಹುಳ ಇಲ್ಲ, ಸುಮ್ನೆ ಯಾಕೆ ಮಾತ್ರೆ?” ಎನ್ನುವವರು ಪ್ರತಿ ಸಲವೂ ಇರುತ್ತಾರೆ. ಹುಳ ಕಡಿಮೆ ಇದ್ದರೆ ಹೊರಗೆ ಏನೂ ಗೊತ್ತಾಗುವುದಿಲ್ಲ. ಪ್ರತಿ ಮಗುವಿನ ಮಲ ಪರೀಕ್ಷೆ ಮಾಡಿಸುವುದಕ್ಕಿಂತ ಎಲ್ಲರಿಗೂ ಮಾತ್ರೆ ಕೊಡುವುದೇ ಅಗ್ಗ. ಹುಳ ಇಲ್ಲದ ಮಗುವಿಗೂ ಅದರಿಂದ ತೊಂದರೆಯಿಲ್ಲ. ಬೆಲ್ಲ ತಿಂದರೆ ಹುಳ ಆಗುತ್ತೆ ಅನ್ನುವುದೂ ಸುಳ್ಳು. ಬಯಲಿನಲ್ಲಿ ಬಿದ್ದ ಮಲದಲ್ಲಿರುವ ಮೊಟ್ಟೆಗಳು ಮಣ್ಣಿನಲ್ಲಿ ಕೆಲವು ವಾರ ಬಲಿತು, ಕೊಳಕು ಕೈ, ತೊಳೆಯದ ತರಕಾರಿಯ ಮೂಲಕ ಹೊಟ್ಟೆ ಸೇರುತ್ತವೆ. ಕೊಕ್ಕೆಹುಳುವಿನ ಮರಿಯಂತೂ ಬರಿಗಾಲಿನ ಚರ್ಮವನ್ನೇ ಕೊರೆದು ಒಳಗೆ ಹೋಗುತ್ತದೆ, ಕರುಳಿನಲ್ಲಿ ಕೂತು ರಕ್ತ ಹೀರುತ್ತದೆ. ಮಗು ಬಿಳಿಚಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಈಗ ಮಾತ್ರೆ ಕೊಡುವ ವಿಷಯ. ಒಂದು ಮಾತ್ರೆ 400 ಮಿಲಿಗ್ರಾಂ. ಒಂದರಿಂದ ಎರಡು ವರ್ಷದ ಮಗುವಿಗೆ ಅರ್ಧ ಸಾಕು. ಅದನ್ನು ಎರಡು ಚಮಚಗಳ ನಡುವೆ ಇಟ್ಟು ಒತ್ತಿ ಪುಡಿ ಮಾಡಿ, ಕುಡಿಯುವ ನೀರು ಸೇರಿಸಿ ಕುಡಿಸಿ. ಎರಡರಿಂದ ಮೂರು ವರ್ಷದವರಿಗೆ ಪೂರ್ತಿ ಮಾತ್ರೆ, ಅದೂ ಪುಡಿ ಮಾಡಿಯೇ. ಮೂರು ದಾಟಿದವರು ಇಡೀ ಮಾತ್ರೆಯನ್ನು ಚೆನ್ನಾಗಿ ಅಗಿದು ತಿನ್ನಬೇಕು, ಮೇಲೆ ನೀರು ಕುಡಿಯಬೇಕು. ಹಾಗೇ ನುಂಗಲು ಹೋದರೆ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಅಳುತ್ತಿರುವ ಮಗುವಿನ ಬಾಯಿಗೆ ಬಲವಂತವಾಗಿ ತುರುಕುವುದಂತೂ ಬೇಡವೇ ಬೇಡ.

ಟೀಚರ್‌ಗಳಿಗೆ ಒಂದು ಮಾತು. “ಮನೆಗೆ ಹೋಗಿ ತಿನ್ನು” ಎಂದು ಮಾತ್ರೆ ಕೈಗೆ ಕೊಟ್ಟು ಕಳಿಸಬೇಡಿ. ಅದು ಚೀಲದ ತಳ ಸೇರುತ್ತೆ, ಅಷ್ಟೆ. ಬಾಯಿ ತೆರೆಸಿ ನೋಡಿ, ಆಮೇಲೆ ರಿಜಿಸ್ಟರ್‌ನಲ್ಲಿ ಟಿಕ್ ಹಾಕಿ. ಜ್ವರವಿದ್ದರೆ, ಬೇರೆ ಔಷಧಿ ನಡೆಯುತ್ತಿದ್ದರೆ ಆವತ್ತು ಕೊಡಬೇಡಿ.

ಕೆಲವರಿಗೆ ವಾಕರಿಕೆ, ಹೊಟ್ಟೆನೋವು, ವಾಂತಿ ಆಗಬಹುದು. ಹೊಟ್ಟೆಯಲ್ಲಿ ಹುಳ ಜಾಸ್ತಿ ಇದ್ದವರಿಗೇ ಸಾಮಾನ್ಯವಾಗಿ ಹೀಗಾಗುವುದು. ಒಂದು ಮಗು ವಾಂತಿ ಮಾಡಿಕೊಂಡರೆ ಇಡೀ ತರಗತಿ ಗಾಬರಿಯಾಗುತ್ತೆ, ಅಲ್ವಾ? ಆ ಮಗುವನ್ನು ನೆರಳಿರುವ ಜಾಗದಲ್ಲಿ ಮಲಗಿಸಿ, ನೀರು ಕೊಡಿ. ಹೆಚ್ಚಿನವರು ಸ್ವಲ್ಪ ಹೊತ್ತಿನಲ್ಲೇ ಸುಧಾರಿಸಿಕೊಳ್ಳುತ್ತಾರೆ. ಕಡಿಮೆಯಾಗದಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ.

ಮಾತ್ರೆ ಒಳಗಿನ ಹುಳವನ್ನು ಕೊಲ್ಲುತ್ತದೆಯೇ ಹೊರತು ಮತ್ತೆ ಬರದಂತೆ ತಡೆಯುವುದಿಲ್ಲ. ವರ್ಷಕ್ಕೆ ಎರಡು ಸಲ ಕೊಡುವುದು ಅದಕ್ಕೇ. ಆ ನಡುವಿನ ತಿಂಗಳುಗಳಲ್ಲಿ ಶೌಚಾಲಯ, ಸೋಪು, ಚಪ್ಪಲಿ, ಕತ್ತರಿಸಿದ ಉಗುರು ಇಷ್ಟು ನಿಮ್ಮ ಕೆಲಸ.

ಆವತ್ತು ಮಗು ರಜೆ ಹಾಕಿದ್ದರೆ ಚಿಂತೆ ಬೇಡ. ಬಿಟ್ಟುಹೋದವರಿಗೆಂದೇ ಸಾಮಾನ್ಯವಾಗಿ ಒಂದು ವಾರದ ನಂತರ ಇನ್ನೊಂದು ದಿನ ಇಟ್ಟಿರುತ್ತಾರೆ. ಶಾಲೆಗೇ ಹೋಗದ ಮಕ್ಕಳಿಗೆ ಅಂಗನವಾಡಿಯಲ್ಲಿ ಕೊಡುತ್ತಾರೆ. ದಿನ ಯಾವುದು ಅಂತ ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಯನ್ನು ಕೇಳಿ.