ಮಕ್ಕಳಿಗೆ ವಯಾಂಗ್ ತೋರಿಸುವ ಮುಂಚೆ

ಮಕ್ಕಳ ಜೊತೆ ಜಾವಾ, ಬಾಲಿ ಕಡೆ ಹೋಗುವವರು ಅಲ್ಲಿನ ತೊಗಲುಗೊಂಬೆ ಆಟ ವಯಾಂಗ್ ಕುಲಿತ್ ಖಂಡಿತ ತೋರಿಸಿ. ಚಿಕ್ಕವರಿಗೆ ಮೊದಲ ಸಲ ಬಾಲಿಯದ್ದೇ ವಾಸಿ. ಜಾವಾದ ಪೂರ್ತಿ ಆಟ ಬೆಳಗಿನ ಜಾವದವರೆಗೂ ನಡೆಯುತ್ತದೆ. ಬಾಲಿಯದ್ದು ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ.

ಈ ಆಟಗಳಲ್ಲಿ ಬರುವ ಭೀಮ, ಅರ್ಜುನ, ಹನುಮಂತ ನಮ್ಮ ಮಕ್ಕಳಿಗೆ ಗೊತ್ತಿರುವವರೇ, ಅಲ್ವಾ? ಹಾಗಾಗಿ ಮುಂಚೆಯೇ ಹಾಸ್ಯಗಾರರ ಚಿತ್ರ ತೋರಿಸಿ. ಜಾವಾದಲ್ಲಿ ಡೊಳ್ಳುಹೊಟ್ಟೆಯ ಸೆಮಾರ್, ಉದ್ದ ಮೂಗಿನ ಪೆತ್ರುಕ್. ಬಾಲಿಯಲ್ಲಿ ತ್ವಾಲೆನ್. ನಮ್ಮ ಮಹಾಭಾರತದಲ್ಲಿ ಇವರಿಲ್ಲ. ಭಾಷೆ ತಿಳಿಯದಿದ್ದರೂ ಇವರು ಬಂದಾಗ ಮಕ್ಕಳು ನಗುತ್ತಾರೆ.

ಅವಕಾಶ ಸಿಕ್ಕರೆ ಗೊಂಬೆ ಆಡಿಸುವ ದಲಾಂಗ್ ಕೂತಿರುವ ಬದಿಯಿಂದಲೂ ನೋಡಲಿ. ಎರಡು ಕೈಯಲ್ಲೂ ಗೊಂಬೆ, ಬಾಯಲ್ಲಿ ಎಲ್ಲ ಪಾತ್ರಗಳ ಮಾತು. ಜೊತೆಗೆ ಕಾಲ್ಬೆರಳ ನಡುವೆ ಸಿಕ್ಕಿಸಿದ ಮರದ ಕೊಡತಿಯಿಂದ ಗೊಂಬೆ ಪೆಟ್ಟಿಗೆಗೆ ಟಕ್ ಟಕ್ ಅಂತ ಬಡಿಯುತ್ತಿರುತ್ತಾರೆ. ನನಗಂತೂ ನೆರಳಿಗಿಂತ ಇದೇ ಜಾಸ್ತಿ ಇಷ್ಟ.

ಆಮೇಲೆ ಮನೆಯಲ್ಲಿ ರಟ್ಟು, ಬಿಳಿ ಪಂಚೆ, ಟಾರ್ಚ್ ಕೊಟ್ಟುಬಿಡಿ. ತೋಳನ್ನು ಬೇರೆಯಾಗಿ ಕತ್ತರಿಸಿ ದಾರದಿಂದ ಗಂಟು ಹಾಕಿ, ಕಡ್ಡಿ ಕಟ್ಟಿದರೆ ಕೈ ಆಡುತ್ತದೆ. ಗೊಂಬೆಯನ್ನು ಪಂಚೆಗೆ ಒತ್ತಿ ಹಿಡಿದರೆ ನೆರಳು ಚೂಪು, ಗೊಂಬೆಯನ್ನೇ ಟಾರ್ಚಿನ ಹತ್ತಿರ ತಂದರೆ ರಾಕ್ಷಸನಷ್ಟು ದೊಡ್ಡದು. ಎಣ್ಣೆ ದೀಪ ಮಾತ್ರ ಬೇಡ.